ಹೂವಿನ ಗಡ್ಡಿ

ಗಿಡ ಬೆಳೆಸುವುದು ನನಗೆ ಅಷ್ಟಾಗಿ ಬರುವುದಿಲ್ಲ. ಮಲಗಿಸುವುದು ಚೆನ್ನಾಗಿ ಬರುತ್ತದೆ. ಚಳಿಗಾಲದಲ್ಲಿ ಸುಗಂಧರಾಜದ ಗಡ್ಡೆಗಳನ್ನು ಕಿತ್ತು, ಮಣ್ಣು ಕೊಡವಿ, ನೆರಳಲ್ಲಿ ಒಣಗಿಸಿ, ಉಳ್ಳಾಗಡ್ಡಿಯ ಹಳೇ ಚೀಲದಲ್ಲಿ ಗಾಳಿಗೆ ತೂಗುಹಾಕುತ್ತೇನೆ. ಆಮೇಲೆ ಆಗಾಗ ಒಂದನ್ನು ಹೊರಗೆ ತೆಗೆದು ಒತ್ತಿ ನೋಡುತ್ತೇನೆ. ಒಳಗೆ ಜೀವ ಇದೆಯೋ, ಹೋಗಿದೆಯೋ? ನಿದ್ದೆ ಮಾಡುವ ಗಡ್ಡೆಗೂ ಸತ್ತ ಗಡ್ಡೆಗೂ ಮೇಲುನೋಟಕ್ಕೆ ವ್ಯತ್ಯಾಸವೇ ಇಲ್ಲ. ಮಧ್ಯಾಹ್ನದ ಊಟವಾದ ಮೇಲೆ ನನ್ನ ಬಗ್ಗೆಯೂ ಮನೆಯಲ್ಲಿ ಇದೇ ಅನುಮಾನವಿದೆ.

ಈ ಗಡ್ಡೆಗಳ ಮೂಲ ಮಿಶ್ರಿಕೋಟಿಯಲ್ಲಿರುವ ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ ಹಿತ್ತಲು. ಕಳೆದ ಮಳೆಗಾಲ ಅಲ್ಲಿ ನೀರು ನಿಂತು ಅವಳವೆಲ್ಲ ಕೊಳೆತವು. ಚಳಿಗಾಲ ಮುಗಿಯುವಾಗ ಕುಂದಗೋಳದಲ್ಲಿರುವ ನನಗೆ ಅವಳ ಫೋನು ಬಂತು.

“ಪ್ಯಾಟ್ಯಾಗಿಂದ ತಂದು ಹಚ್ಚಿದ್ನೋ. ಹೂ ಬಿಡ್ತಾವ, ವಾಸನಿ ಇಲ್ಲ. ನಮ್ಮ ಹೂವಿನ ಗಡ್ಡಿ ಇದ್ರ ಕಳಸು.”

ಅಂದರೆ ಆ ವಾಸನೆ ಉಳಿದಿದ್ದರೆ ಇನ್ನು ನನ್ನ ಚೀಲದಲ್ಲಿ ಮಾತ್ರ. ಧಾರಾಳಿಯಾಗಿ ಇದ್ದವನ್ನೆಲ್ಲ ಸುರಿದು, ಸ್ನಾನಕ್ಕೆ ಹೋಗುತ್ತ ಹೆಂಡತಿಗೆ “ಹೂವಿನ ಗಡ್ಡಿ ಕಟ್ಟಿಡು” ಎಂದೆ.

ತೊಡಕಿದ್ದದ್ದು ಆ ಮಾತಿನಲ್ಲೇ. ಗಡ್ಡೆ ಎಂದರೆ ಒಣಗಿರಬೇಕು, ಹೂವು ಎಂದರೆ ತಣ್ಣಗಿರಬೇಕು. ನಮ್ಮಲ್ಲಿ ಹೂವು, ವೀಳ್ಯದೆಲೆ ಕಳಿಸುವಾಗ ಒದ್ದೆ ಬಟ್ಟೆ ಸುತ್ತುವುದು ವಾಡಿಕೆ. ನಾನು ಗಡ್ಡಿ ಎಂದಿದ್ದೆ; ಅವಳು ಹೂವು ಎಂದು ಕೇಳಿಸಿಕೊಂಡಿದ್ದಳು. ಗಂಟನ್ನು ನಾನು ಹುಬ್ಬಳ್ಳಿಯಲ್ಲಿ ಮಿಶ್ರಿಕೋಟಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದ ಮೇಲೆ ಅವಳು ಸಮಾಧಾನದಿಂದ ಹೇಳಿದಳು: “ಒದ್ದಿ ಅರಬಿ ಸುತ್ತಿ, ಮ್ಯಾಲೆ ಪ್ಲಾಸ್ಟಿಕ್ ಹಾಕೇನ್ರಿ. ಬಾಡಂಗಿಲ್ಲ.”

ಗಡ್ಡೆ ಕೊಳೆಯಲು ಅಷ್ಟೇ ಸಾಕು. ಸಾಲದ್ದಕ್ಕೆ ಕಂಡಕ್ಟರ್ ಗಂಟು ಇಳಿಸುವುದನ್ನು ಮರೆತ. ಬಿಸಿಲಲ್ಲಿ ಬಸ್ಸಿನೊಳಗೇ ಊರೂರು ತಿರುಗಿ ಅದು ಕಾಕುವಿನ ಮನೆ ಸೇರುವಷ್ಟರಲ್ಲಿ ಮರುದಿನವಾಗಿತ್ತು. ಅವಳು ಬಿಚ್ಚಿ ನೋಡಿ ಫೋನು ಮಾಡುವವರೆಗೂ ನನಗೆ ಊಟ ಸೇರಲಿಲ್ಲ.

“ಒಂದಷ್ಟು ಮೆತ್ತಗಾಗ್ಯಾವ. ಉಳದಾವು ಬರೋಬ್ಬರಿ ಅದಾವ. ಒಂದು ಮೊಳಕಿನೂ ಒಡದೈತಿ,” ಎಂದಳು.

ಹೋದ ಜೀವ ಬಂದಂತಾಗಿ, ಸ್ವಲ್ಪ ಹೊಗಳಿಕೆಯೂ ಸಿಗಲಿ ಎಂದು, “ನಾ ಒಂದೂ ಇಟಗೊಂಡಿಲ್ಲ ಕಾಕು, ಎಲ್ಲಾ ನಿನಗ ಕಳಿಸೀನಿ” ಎಂದೆ.



“ಅಗದಿ ಶ್ಯಾಣ್ಯಾ ಅದಿ ನೋಡು. ಮತ್ತ ನಂದು ಕೊಳತ್ರ ಯಾರನ್ನ ಕೇಳ್ಲಿ?”

ವಾರದೊಳಗೆ ಅರ್ಧ ಗಡ್ಡೆಗಳು ತಿರುಗಿ ಕುಂದಗೋಳಕ್ಕೆ ಬಂದವು. ಒಂದೆರಡು ಗಡ್ಡೆ ಕೊಡೋಣವೆಂದು, ಓಣಿಯಲ್ಲಿ ಯಾರ ಹಿತ್ತಲು ಖಾಲಿ ಇದೆ ಎಂದು ನಾನೀಗ ಇಣುಕಿ ನೋಡುತ್ತ ತಿರುಗುತ್ತಿದ್ದೇನೆ. ನನ್ನವೂ ಒಂದು ದಿನ ಕೊಳೆಯಬಹುದು; ಆಗ ಹೋಗಿ ಕೇಳಲು ನನಗೂ ನಾಲ್ಕು ಮನೆ ಬೇಕಲ್ಲ.