ಪತ್ರಿಕಾ ಪ್ರಕಟಣೆಯ ಕೊನೆಯ ಸಾಲು

ನಮ್ಮ ಕಡೆ ಯಾವ ಪ್ರತಿಭಟನೆ ನಡೆದರೂ ಮರುದಿನದ ಪೇಪರಿನಲ್ಲಿ ಅದರ ಸುದ್ದಿ ಒಂದೇ ರೀತಿ ಮುಗಿಯುತ್ತದೆ. ಮನವಿ ಕೊಟ್ಟರು, ಅಧಿಕಾರಿ ಭರವಸೆ ನೀಡಿದರು, ಆಮೇಲೆ ಬಂದವರ ಹೆಸರುಗಳ ಉದ್ದನೆಯ ಸಾಲು, ಕೊನೆಗೆ 'ಮುಂತಾದವರು ಪಾಲ್ಗೊಂಡಿದ್ದರು'. ಹೆಸರು ಬಿಟ್ಟುಹೋದರೆ ಜನ ಮುಖ ಊದಿಸಿಕೊಳ್ಳುತ್ತಾರೆ, ಮುಂದಿನ ಸಲ ಬರುವುದಿಲ್ಲ. ಅದಕ್ಕೇ ಎಲ್ಲರೂ ತಪ್ಪದೆ ಹೆಸರು ಬರೆಯುತ್ತಾರೆ. ನಾನೂ ಬರೆದೆ.

ಆಗ ನಾನು ಹಾವೇರಿಯಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಅಗಡಿ ದಾಟಿದ ಮೇಲೆ ಸಿಗುವ ಸಣ್ಣ ಊರು ನಮ್ಮದು. ಬೆಳಿಗ್ಗೆಯ ಒಂದೇ ಬಸ್ಸು ತುಂಬಿಕೊಂಡು ಬಂದು ನಿಲ್ಲದೆ ಹೋಗುತ್ತಿತ್ತು. ಕೈಯಲ್ಲಿ ಪಾಸು ಹಿಡಿದು ಅದರ ಧೂಳು ಕುಡಿಯುವುದೇ ನಮ್ಮ ಪಾಲಾಗಿತ್ತು. ಮೊದಲ ಎರಡು ಪೀರಿಯಡ್ಡಿನಲ್ಲಿ ಏನು ಕಲಿಸುತ್ತಾರೆಂಬುದೇ ನಮಗೆ ಗೊತ್ತಿರಲಿಲ್ಲ.

ಜೊತೆಗೆ ನಿಲ್ಲುತ್ತಿದ್ದವಳು ನನ್ನ ಗೆಳತಿ. ಒಂದನೇ ಇಯತ್ತೆಯಿಂದ ಒಂದೇ ಬೆಂಚಿನವರು ನಾವು. ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಗಣಿತ ಕಲಿಸಬೇಕೆಂಬುದು ಅವಳ ಜೀವದ ಆಸೆ. ನನ್ನ ಮಂದ ತಲೆಗೆ ಗಣಿತ ಇಳಿದದ್ದೇ ಅವಳಿಂದ. ಅವಳ ಅಪ್ಪನಿಗೆ ಊರಲ್ಲಿ ಕಿರಾಣಿ ಅಂಗಡಿ. ಕಾಲೇಜಿಗೆ ಕಳಿಸುವಾಗಲೇ ಅವರು ಒಂದು ಮಾತು ಹೇಳಿದ್ದರು: "ಹೋಗು, ಕಲಿ. ಆದ್ರ ನಾಕು ಮಂದಿ ಬಾಯಾಗ ನಿನ್ನ ಹೆಸರು ಬಂದ ದಿನಾನ ಪಾಟಿಚೀಲ ಗೂಟಕ್ಕ." ಆಗ ನಾನೂ ಅಲ್ಲೇ ನಿಂತಿದ್ದೆ.

ಹಾಜರಿ ಕಡಿಮೆಯಾದವರನ್ನು ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ಕಾಲೇಜಿನಲ್ಲಿ ನೋಟೀಸು ಹಚ್ಚಿದರು. ಸುತ್ತಲಿನ ಐದಾರು ಊರಿನ ಹುಡುಗ ಹುಡುಗಿಯರು ಸೇರಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರುವುದೆಂದು ಠರಾಯಿಸಿದೆವು. ಕಲ್ಲು ಎಸೆಯುವುದಿಲ್ಲ, ಟೈರು ಸುಡುವುದಿಲ್ಲ, ಪಾಸು ಎತ್ತಿ ಹಿಡಿದು ಕೂರುವುದು ಅಷ್ಟೇ. ಗೆಳತಿ ಬರುವುದಿಲ್ಲವೆಂದಳು. ನಾನು ಬಿಡಬೇಕಲ್ಲ!

"ಅಂಜುಬುರುಕಿ! ನಿನ್ನಂಥಾವ್ರು ಸುಮ್ನ ಇದ್ದದ್ದಕ್ಕ ಬಸ್ಸು ನಿಂದರವಲ್ದು," ಎಂದೆ.

"ಬರ್ತೇನಿ ಮಾರಾಯ್ತಿ. ಆದ್ರ ಫೋಟೋದಾಗ ನಿಲ್ಲಾಂಗಿಲ್ಲ."

"ಆತು ತಾಯಿ, ಹಿಂದ ಕುಂದ್ರು."

ವೇಲಿನಿಂದ ಮುಖ ಸುತ್ತಿಕೊಂಡು ಹಿಂದಿನ ಸಾಲಿನಲ್ಲೇ ಕೂತಳು. ಆದರೆ ಅರ್ಧ ತಾಸಿನಲ್ಲಿ ನಮ್ಮೆಲ್ಲರ ಗಂಟಲು ಬಿದ್ದುಹೋದಾಗ ಅವಳ ದನಿ ಎದ್ದಿತು. "ನಮ್ಮನ್ನ ಕೇಳಿ ಬಸ್ಸು ಬಿಡ್ರಿ!" ಎಂದು ಅವಳು ಕೂಗಿದರೆ ನಾವು "ಕೇಳ್ರಿ, ಕೇಳ್ರಿ!" ಎನ್ನುತ್ತಿದ್ದೆವು. ಆ ಘೋಷಣೆ ಅವಳೇ ಕಟ್ಟಿದ್ದು. ಕಾದ ಡಾಂಬರಿನ ಮೇಲೆ ಮೂರು ತಾಸು ಕೂತೆವು. ಬಂದೋಬಸ್ತಿಗೆ ಬಂದಿದ್ದ ಮಹಿಳಾ ಪೊಲೀಸರೊಬ್ಬರು ತಮ್ಮ ನೀರಿನ ಬಾಟಲಿಯನ್ನೇ ಅವಳಿಗೆ ಕೊಟ್ಟರು. ಅಧಿಕಾರಿ ಹೊರಬಂದು ಮನವಿ ತೆಗೆದುಕೊಳ್ಳುವಾಗ ಎಲ್ಲರೂ ಫೋಟೋಕ್ಕೆ ನುಗ್ಗಿದರೆ, ಅವಳು ಮರದ ಹಿಂದೆ ಹೋಗಿ ನಿಂತಳು.

ನನ್ನ ಅಕ್ಷರ ದುಂಡಗಿದೆಯೆಂದು ಪೇಪರಿಗೆ ಸುದ್ದಿ ಬರೆದುಕೊಡುವ ಕೆಲಸ ನನಗೇ ಬಂತು. ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತು ಬರೆದೆ. "ಹೆಸರು ಲಗೂ ಬರೀವಾ, ಊರಿನ ಸಮೇತ. ಹೆಸರಿಲ್ಲದ ಸುದ್ದಿ ಯಾರು ಓದತಾರ?" ಎಂದು ವರದಿಗಾರರು ಅವಸರ ಮಾಡಿದರು. ಅವಳು ಬೇಡವೆಂದದ್ದು ಫೋಟೋ. ಹೆಸರಿನ ವಿಚಾರ ನನಗೆ ಹೊಳೆಯಲೇ ಇಲ್ಲವೆಂದರೆ ಅದು ಸುಳ್ಳು. ಪೆನ್ನು ಒಂದು ಗಳಿಗೆ ನಿಂತಿತ್ತು. ಅಷ್ಟು ಕೂಗಿದವಳನ್ನು 'ಮುಂತಾದವರು' ಎಂಬುದರೊಳಗೆ ತುರುಕುವುದು ಅನ್ಯಾಯವೆನಿಸಿತು. ಅವಳು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದಳು. ಅವಳಿಗೆ ಖುಷಿಯಾಗಲೆಂದು ಎಲ್ಲರಿಗಿಂತ ಮೊದಲು ಅವಳ ಹೆಸರನ್ನೇ ಬರೆದೆ, ಅಪ್ಪನ ಹೆಸರು, ಅಡ್ಡಹೆಸರು, ಊರು ಎಲ್ಲ ಸೇರಿಸಿ.

ಮರುದಿನ ಊರ ಚಹಾದಂಗಡಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರಂತೆ. "ಸಾಹುಕಾರ್ರ, ಮಗಳು ಲೀಡರ್ ಆಗ್ಯಾಳಲ್ಲರಿ!" ಎಂದು ಅವಳ ಅಪ್ಪನ ಮುಂದೆ ನಕ್ಕರಂತೆ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದರಂತೆ.

ಎರಡು ದಿನ ಅವಳು ಬಸ್ ಸ್ಟಾಪಿಗೆ ಬರಲಿಲ್ಲ. ಮೂರನೆಯ ದಿನ ಮನೆಗೇ ಹೋದೆ. ಅವಳ ಅಪ್ಪ ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ, ನನ್ನ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಅವರು ಬೈಯಲಿಲ್ಲ. "ಬಾರವಾ, ಕುಂದ್ರು, ಚಹಾ ಕುಡಿ," ಎಂದರು. ಮಡಚಿಟ್ಟ ಪೇಪರನ್ನು ನನ್ನ ಮುಂದಿಟ್ಟು, "ಕಲಿತದ್ದು ಸಾಕವಾ ಆಕಿಗೆ. ಇನ್ನ ಕರಿಯಾಕ ಬರಬ್ಯಾಡ," ಎಂದರು. ಅವಳು ಒಳಗಿನಿಂದ ಹೊರಗೆ ಬರಲೇ ಇಲ್ಲ. ತಪ್ಪು ನನ್ನದು, ಆಕೆಯನ್ನು ಕಳಿಸಿಕೊಡಿ ಎಂದು ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ, ತೆಪ್ಪಗೆ ಚಹಾ ಕುಡಿದು ಬಂದೆ. ಇವತ್ತಿಗೂ ಅದು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಹದಿನೈದು ದಿನಕ್ಕೆ ನಮ್ಮೂರಿಗೆ ಇನ್ನೊಂದು ಬಸ್ಸು ಬಿಟ್ಟರು. ಸೀಟೂ ಸಿಗುತ್ತಿತ್ತು. ನಾನು ಅದರಲ್ಲಿ ಕೂತು ಹೋಗಿ ಪರೀಕ್ಷೆ ಬರೆದು ಬಂದೆ. ಆ ಪರೀಕ್ಷೆ ಮುಗಿಯುವುದರೊಳಗೆ ಅವಳನ್ನು ಬ್ಯಾಡಗಿಗೆ ಕೊಟ್ಟಿದ್ದರು.

ಹೋದ ವರ್ಷ ಧೈರ್ಯ ಮಾಡಿ ಬ್ಯಾಡಗಿಯ ಅವಳ ಮನೆಗೆ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂಲಿಯ ಹೆಂಗಸರ ಜೊತೆ ಕೂತು ತೊಟ್ಟು ಮುರಿಯುತ್ತಿದ್ದಳು. ಘಾಟಿಗೆ ನಾನು ಕೆಮ್ಮಿದೆ, ಅವಳು ಕೆಮ್ಮಲಿಲ್ಲ.

"ಏನ ಮಾಡಾಕತ್ತೀ ಈಗ?" ಎಂದು ಕೇಳಿದಳು.

"ರಾಣೆಬೆನ್ನೂರಾಗ ಹೈಸ್ಕೂಲ್ ಟೀಚರ್."

"ಏನ ಕಲಸ್ತೀ?"

"ಗಣಿತ."

ಅವಳ ಕೈ ಕ್ಷಣ ನಿಂತು ಮತ್ತೆ ಆಡಿತು. ನನಗೆ ತಡೆಯಲಾಗಲಿಲ್ಲ. "ತಪ್ಪಾತು. ನಿನ್ನ ಹೆಸರು ಬರೀಬಾರದಿತ್ತು," ಎಂದೆ.

"ಅವತ್ತ ನಾ ಏನಂತ ಕೂಗಿದ್ದೆ, ನೆನಪೈತಿಲ್ಲೊ?"

"ನಮ್ಮನ್ನ ಕೇಳಿ ಬಸ್ಸು ಬಿಡ್ರಿ."

"ಮತ್ತ, ಹೆಸರು ಬರಿಯೋವಾಗ ನೀ ನನ್ನ ಕೇಳಿದೇನ?"

ಇಲ್ಲವೆಂದೆ. ಅವಳು ರಾಶಿಯಿಂದ ಇನ್ನೊಂದು ಬೊಗಸೆ ಮೆಣಸಿನಕಾಯಿ ಎಳೆದುಕೊಂಡಳು.