ದೊಡ್ಡಮ್ಮ ರುಚಿ ನೋಡಿದ ಮಾತ್ರೆ

ನನ್ನ ದೊಡ್ಡಮ್ಮ ಕ್ಯಾಂಟೀನಿನಲ್ಲಿ ಅಡುಗೆ ಮಾಡಿಕೊಂಡೇ ಮುದುಕಿಯಾದವಳು. ರುಚಿ ನೋಡದೆ ಯಾರಿಗೂ ಏನನ್ನೂ ಬಡಿಸಿದವಳಲ್ಲ. ಅವಳನ್ನು ಔಷಧದ ಪರೀಕ್ಷೆಗೆ ಸೇರಿಸಿಕೊಂಡ ಡಾಕ್ಟರಮ್ಮನಿಗೆ ಪಾಪ, ಇದು ಗೊತ್ತಿರಲಿಲ್ಲ.

ಸಕ್ಕರೆ ಕಾಯಿಲೆಗೆ ಹಿಂದಿನಿಂದಲೂ ಕೊಡುತ್ತಿದ್ದ ಒಂದು ಕಹಿ ಸೊಪ್ಪು ನಿಜಕ್ಕೂ ಸಕ್ಕರೆ ಇಳಿಸುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಮಾಮೂಲಿ ಮಾತ್ರೆಗಳ ಜೊತೆಗೆ ಕೆಲವರಿಗೆ ಸೊಪ್ಪಿನ ಪುಡಿ ತುಂಬಿದ ಕ್ಯಾಪ್ಸೂಲು, ಉಳಿದವರಿಗೆ ಬರೀ ಹಿಟ್ಟು ತುಂಬಿದ್ದು. ಯಾರಿಗೆ ಯಾವುದೆಂದು ಹೇಳುವಂತಿಲ್ಲ. ದೊಡ್ಡಮ್ಮ, ದೊಡ್ಡಪ್ಪ ಇಬ್ಬರಿಗೂ ಒಂದೊಂದು ಡಬ್ಬಿ ಸಿಕ್ಕಿತು. ದೊಡ್ಡಪ್ಪನ ಕಾಲಿನ ಒಂದು ಬೆರಳನ್ನು ಆಗಲೇ ತೆಗೆದಿದ್ದರು. ಪಕ್ಕದ ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ.

ಮನೆಗೆ ಬಂದವಳೇ ದೊಡ್ಡಮ್ಮ ಎರಡೂ ಡಬ್ಬಿಯಿಂದ ಒಂದೊಂದು ಬಿಚ್ಚಿ ನಾಲಿಗೆಗೆ ತಾಗಿಸಿದಳು. ತನ್ನದು ಕಹಿ, ಗಂಡನದು ಹಿಟ್ಟು. ಮಾರನೆಯ ದಿನದಿಂದ ತನ್ನ ಡಬ್ಬಿಯದನ್ನು ಅವನ ಬಟ್ಟಲಿಗೆ ಹಾಕಿ, ಅವನದನ್ನು ತನ್ನ ಬಟ್ಟಲಿಗೆ ಹಾಕಿಕೊಳ್ಳತೊಡಗಿದಳು.

ಪರೀಕ್ಷೆ ಮುಗಿದಾಗ ಇಬ್ಬರನ್ನೂ ನಾನೇ ಕರೆದೊಯ್ದೆ. ಡಾಕ್ಟರಮ್ಮ ರಿಪೋರ್ಟ್ ನೋಡಿ, "ಅಮ್ಮ, ನಿಮ್ಮ ಸಕ್ಕರೆ ಚೆನ್ನಾಗಿ ಇಳಿದಿದೆ. ಯಜಮಾನರದ್ದು ಇದ್ದಲ್ಲೇ ಇದೆ," ಎಂದರು.

ದೊಡ್ಡಮ್ಮನ ಮುಖ ಬಿಳುಚಿಕೊಂಡಿತು. "ಅದು ಹೇಗಾಗುತ್ತೆ? ಕಹೀದನ್ನೆಲ್ಲ ಅವರಿಗೇ ಕೊಟ್ಟಿದ್ದೀನಿ. ನಾನು ತಿಂದಿದ್ದು ಬರೀ ಹಿಟ್ಟು," ಎಂದು ಎಲ್ಲವನ್ನೂ ಬಾಯಿಬಿಟ್ಟಳು.

ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತು ಕುಳಿತರು. ದೊಡ್ಡಪ್ಪ ಕೈಗಡಿಯಾರ ರಿಪೇರಿ ಮಾಡುತ್ತಿದ್ದವನು; ಅವನ ಕಣ್ಣು ತಪ್ಪಿಸುವುದು ಸುಲಭವಲ್ಲ.

"ನೀನು ರುಚಿ ನೋಡಿ ಅದಲುಬದಲು ಮಾಡಿದ್ದು ನನ್ನ ಕಣ್ಣಿಗೆ ಬಿತ್ತು," ಎಂದ ನೆಲ ನೋಡುತ್ತ. "ನೀನು ನೀರು ತರೋಕೆ ಒಳಗೆ ಹೋದಾಗ್ಲೆಲ್ಲ ಬಟ್ಟಲು ಬದಲಾಯಿಸ್ತಿದ್ದೆ."

"ಮತ್ತೆ ನಿಮ್ಮ ಬೆರಳು?" ಎಂದಳು ದೊಡ್ಡಮ್ಮ.

"ಬೆರಳು ಹೋದ್ರೆ ನೀನು ಕೈ ಹಿಡ್ಕೊಂಡು ನಡೆಸ್ತೀಯ. ನಿನಗೇನಾದ್ರೂ ಆದ್ರೆ ನನ್ನ ಯಾರು ನಡೆಸ್ತಾರೆ?"

ನನಗೆ ಕಣ್ಣು ತುಂಬಿ ಬಂತು. ದೊಡ್ಡಮ್ಮನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

ಇಬ್ಬರ ಫಲಿತಾಂಶವನ್ನೂ ಡಾಕ್ಟರಮ್ಮ ಲೆಕ್ಕದಿಂದ ಕೈಬಿಟ್ಟರು. ಸೊಪ್ಪಿನಿಂದಲೇ ಇಳಿಯಿತೆಂದು ಈಗಲೇ ಹೇಳಲಾಗದು ಎನ್ನುತ್ತಲೇ, ಸೊಪ್ಪಿನದೇ ಒಂದೊಂದು ಡಬ್ಬಿ ಇಬ್ಬರಿಗೂ ಕೊಟ್ಟರು.

ಈಗ ಎರಡರಲ್ಲೂ ಕಹಿಯೇ. ಆದರೂ ದೊಡ್ಡಮ್ಮ ನೀರನ್ನು ಮೊದಲೇ ತಂದಿಟ್ಟುಕೊಂಡು ಎದುರಿಗೆ ಕೂರುತ್ತಾಳೆ. "ನುಂಗಿದ್ರಾ? ನಾಲಿಗೆ ಎತ್ತಿ, ನೋಡೋಣ." ದೊಡ್ಡಪ್ಪ ಎತ್ತುತ್ತಾನೆ. ಆಮೇಲೆ ಅವಳೂ ನುಂಗಿ ಬಾಯಿ ತೆರೆದು ತೋರಿಸಬೇಕು. ಇಲ್ಲದಿದ್ದರೆ ಅವನು ಅಲ್ಲಿಂದ ಏಳುವುದಿಲ್ಲ.