ಗೊತ್ತಿಲ್ಲ ಎಂದ ಅಯ್ಯೋರು

ನನ್ನ ಮೊಮ್ಮಗಳಿಗೆ ಕಲ್ಯಾಣದುರ್ಗದ ಬೋರ್ಡು ಶಾಲೆಯಲ್ಲಿ ಮೇಷ್ಟ್ರ ಕೆಲಸ ಆಯಿತು! ಬೆಳಿಗ್ಗೆ ಕಾಗದ ಬಂತು. ಹಿಂದೂಪುರದ ನಮ್ಮ ಬೀದಿಯಲ್ಲಿ ನಾನು ಸಕ್ಕರೆ ಕೊಡದ ಮನೆ ಒಂದೂ ಉಳಿದಿಲ್ಲ. ಎದುರು ಮನೆಯವರಿಗೆ ಎರಡು ಸಲ ಕೊಟ್ಟೆನಂತೆ. ಕೊಟ್ಟರೆ ಕೊಟ್ಟೆ, ಏನೀಗ!

ಮಧ್ಯಾಹ್ನ ಹುಡುಗಿ ಹಳೆಯ ಸ್ಲೇಟೊಂದನ್ನು ಹುಡುಕಿ ತಂದು, ಅದು ಕಪ್ಪಾಗಲೆಂದು ತೊಂಡೆ ಎಲೆಗೆ ಇದ್ದಿಲು ಸೇರಿಸಿ ಉಜ್ಜುತ್ತಾ ಕೂತಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮನೆ ತುಂಬ ಓಡಾಡುತ್ತಿದ್ದವಳು ನಿಂತುಬಿಟ್ಟೆ. ಹಿತ್ತಿಲಿಗೆ ಹೋಗಿ ಒಬ್ಬಳೇ ಕೂತೆ...

ನಾನು ಓದಿದ್ದು ಎರಡೇ ವರ್ಷ. ನಮಗೆ ಪಾಠ ಹೇಳಿದ ಅಯ್ಯೋರು ಕಲ್ಯಾಣದುರ್ಗದಿಂದ ಬಂದವರು, ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಸ್ಲೇಟಿನ ಒಂದು ಮುಖಕ್ಕೆ ಕನ್ನಡ, ಇನ್ನೊಂದು ಮುಖಕ್ಕೆ ತೆಲುಗು ಬರೆಸುತ್ತಿದ್ದರು. ಒಂದು ಚಳಿಗಾಲ ನಾನು ಕೇಳಿದೆ: "ಅಯ್ಯೋರೇ, ಬಾವಿ ನೀರು ಹೊತ್ತಾರೆ ಬೆಚ್ಚಗಿರ್ತದೆ, ಬಿಸಿಲೇರಿದ ಮ್ಯಾಲೆ ತಣ್ಣಗಿರ್ತದೆ. ಯಾಕೆ?"

ಬೇರೆಯವರಾಗಿದ್ದರೆ ಕಿವಿ ಹಿಂಡಿ ಕೂರಿಸುತ್ತಿದ್ದರು. ಇವರು ತಲೆ ಕೆರೆದುಕೊಂಡರು. "ನಂಗೂ ಗೊತ್ತಿಲ್ಲ ಕಣಮ್ಮ. ಯಾರನ್ನಾದ್ರೂ ಕೇಳ್ಕೊಂಡು ಬತ್ತೀನಿ."

ಕೇಳಲು ಅವರು ಬಂದದ್ದು ನಮ್ಮ ಮನೆಗೇ. ಅವ್ವ ಬಾವಿಯಲ್ಲಿ ನೀರು ಸೇದುತ್ತಿದ್ದಳು. ದೂರ ನಿಂತು, "ಅಮ್ಮಾ, ದಿನಾ ಸೇದೋರು ನೀವು. ನಿಮಗೇನಾದ್ರೂ ತಿಳಿದೈತೇನೋ ಅಂತ ಬಂದೆ" ಎಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬೆಲ್ಲದ ವ್ಯಾಪಾರಿಯಾದ ಅಪ್ಪ ನಗಲಿಲ್ಲ.

"ಏಮಯ್ಯಾ ಅಯ್ಯೋರೇ, ನೀರು ಸೇದೋಳ ಹತ್ರ ನೀವೇ ಪಾಠ ಹೇಳಿಸ್ಕೊಳ್ಳೋದಾದ್ರೆ, ನನ್ ಮಗಳು ಮನೇಲೇ ಕಲೀತಾಳೆ ಬಿಡಿ!"

ಮಾರನೆಯ ದಿನದಿಂದ ನನ್ನ ಶಾಲೆ ನಿಂತಿತು.

ಮೂರು ದಿನ ನೋಡಿ ಅಯ್ಯೋರು ಮತ್ತೆ ಬಂದರು. ಜಗಲಿಯ ಮೇಲೆ ಪಕ್ಕದೂರು ಪರಿಗಿಯ ವ್ಯಾಪಾರಿಗಳು ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. "ಹುಡುಗಿ ಚುರುಕು, ಬಿಡಿಸ್ಬೇಡಿ ಸ್ವಾಮಿ" ಎಂದು ಅಯ್ಯೋರು ಕೈಮುಗಿದರು.

"ಹಂಗಾದ್ರೆ ಆ ಬಾವಿ ನೀರಿನ ಪ್ರಶ್ನೆಗೆ ಇವರೆಲ್ಲರ ಮುಂದೆ ಉತ್ತರ ಹೇಳಿ" ಎಂದರು ಅಪ್ಪ. "ಯಾವುದಾದ್ರೂ ಸರಿ. ನಾಳೇನೇ ಕಳಿಸ್ತೀನಿ."

ಒಬ್ಬ ವ್ಯಾಪಾರಿ ಬಾಯಿ ಹಾಕಿದ: "ಬಾವಿಯೊಳಗೆ ಗಂಗಮ್ಮ ಒಲೆ ಹಚ್ಚವ್ಳೆ ಅಂತ ಹೇಳ್ಬುಡಿ ಅಯ್ಯೋರೇ. ನಾವೇನು ಇಳಿದು ನೋಡ್ತೀವಾ?"

ಎಲ್ಲರೂ ನಕ್ಕರು. ಕದದ ಹಿಂದೆ ನಿಂತಿದ್ದ ನಾನು ಮಾತ್ರ ಅವರ ಬಾಯನ್ನೇ ನೋಡುತ್ತಿದ್ದೆ. ಹೇಳಿ ಅಯ್ಯೋರೇ, ಏನಾದರೂ ಹೇಳಿಬಿಡಿ... ಅವರು ನನ್ನನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿದರು.

"ಕೇಳಿದ ಮಗು ಅಲ್ಲೇ ನಿಂತೈತಲ್ಲ ಸ್ವಾಮಿ. ನಂಗೆ ಗೊತ್ತಿಲ್ಲ."

ಇಷ್ಟೇ. ಜಗಲಿ ಇಳಿದು ಹೊರಟುಹೋದರು.

ಆಮೇಲೆ ಎಷ್ಟೋ ದಿನ, ಶಾಲೆಯ ಮಕ್ಕಳು ಮಗ್ಗಿ ಕೂಗುವುದು ಕೇಳಿದಾಗ ಬಾವಿಕಟ್ಟೆಯಲ್ಲಿ ಕೂತು ನಾನೂ ಒಬ್ಬಳೇ ಕೂಗುತ್ತಿದ್ದೆ. ನನ್ನ ಸಲುವಾಗಿ ಒಂದು ಸುಳ್ಳು ಹೇಳಲಾಗಲಿಲ್ಲವೇ ಎಂದು ಅವರ ಮೇಲೆ ಸಿಟ್ಟು. ಆ ಬೇಸಿಗೆಯಲ್ಲಿ ಅವರು ಕಲ್ಯಾಣದುರ್ಗಕ್ಕೆ ವಾಪಸು ಹೋದರು. ಬಹಳ ವರ್ಷದ ಮೇಲೆ, ತೀರಿಹೋದರೆಂದು ಬೆಲ್ಲದ ಗಾಡಿಯವರು ಹೇಳಿದರು. ಅಷ್ಟರಲ್ಲಿ ನನಗೆ ಮಕ್ಕಳಾಗಿದ್ದವು. ಅವು ಕೇಳಿದ್ದಕ್ಕೆಲ್ಲ ಬಾಯಿಗೆ ಬಂದದ್ದು ಹೇಳಿ ಹೇಳಿ, ಆ ಮನುಷ್ಯ ಎಂಥ ಕಷ್ಟದ ಮಾತು ಆಡಿದರು ಎಂದು ನನಗೆ ನಿಧಾನವಾಗಿ ತಿಳಿದಿತ್ತು. ತಿಳಿಯಿತು ಎಂದು ಹೇಳಿಕೊಳ್ಳಲು ಅವರಿರಲಿಲ್ಲ...

ಸಂಜೆ ಎಲ್ಲರಿಗೂ ಅವರೆಕಾಳು ಸಾರು ಬಡಿಸುತ್ತಿದ್ದೆ. ಮಗ ತನ್ನ ಮಗಳನ್ನು ಕೆಣಕಿದ: "ಮಕ್ಳು ಕೇಳಿದ್ದು ನಿಂಗೆ ಗೊತ್ತಿಲ್ದಿದ್ರೆ ಏನ್ ಮಾಡ್ತೀಯಮ್ಮ, ಮೇಡಮ್ಮು?"

"ಗದರಿಸಿ ಕೂರಿಸ್ತೀನಿ. ಇನ್ನೇನು!"

ಎಲ್ಲರೂ ನಕ್ಕರು. ನಾನು ಸೌಟು ಕೆಳಗಿಟ್ಟೆ. ಇಷ್ಟು ವರ್ಷ ಎಲ್ಲರಿಗೂ ನಾನು ಹೇಳಿದ್ದು, ಓದು ನನ್ನ ತಲೆಗೆ ಹತ್ತಲಿಲ್ಲ ಎಂದು. ಇವತ್ತು ಮಾತ್ರ, ಅಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ.

"ಇಷ್ಟು ದಿನ ಯಾಕವ್ವಾ ಹೇಳ್ಲಿಲ್ಲ?" ಎಂದ ಮಗ.

"ಕೇಳ್ಬೇಕಾದೋರು ಕಲ್ಯಾಣದುರ್ಗದಾಗೆ ಸತ್ತೋದ್ರಲ್ಲಪ್ಪ."

ಮೊಮ್ಮಗಳು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಬಾ ಅಜ್ಜಿ, ನೀನೂ ಕೂತ್ಕೋ" ಎಂದು ತಾನೇ ನನಗೆ ಮುದ್ದೆ ಬಡಿಸಿದಳು. ಯಾವತ್ತೂ ಎಲ್ಲರದೂ ಆದ ಮೇಲೆ ಒಬ್ಬಳೇ ಉಣ್ಣುವವಳು ನಾನು. ಇವತ್ತು ಎಲ್ಲರ ಜೊತೆ ಕೂತು ಉಂಡೆ.